ಪೆನ್ ಡ್ರೈವ್ ಖಾಲಿ ಕಂಡರೆ ಫಾರ್ಮ್ಯಾಟ್ ಒತ್ತಬೇಡಿ

ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ವಾಟ್ಸಾಪ್ ಬಂದ ಮೇಲೂ ಪ್ರಾಜೆಕ್ಟ್ ರಿಪೋರ್ಟ್, ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಎಲ್ಲ ಜಾಸ್ತಿ ಪೆನ್ ಡ್ರೈವ್‌ನಲ್ಲೇ ಬರುತ್ತವೆ. ಕಾಲೇಜು ಹುಡುಗರು ಓಡಿ ಬಂದು ಹೇಳುವ ಮಾತು ಹೆಚ್ಚಾಗಿ ಇದೇ: "ಅಣ್ಣಾ, ನಿನ್ನೆ ತನಕ ಇತ್ತು, ಈಗ ಬರೀ ಶಾರ್ಟ್‌ಕಟ್ ತೋರಿಸ್ತಿದೆ."

ಎಷ್ಟೋ ಜನ ಗಾಬರಿಯಲ್ಲಿ ಆಗಲೇ ಫಾರ್ಮ್ಯಾಟ್ ಮಾಡಿರುತ್ತಾರೆ. ಕೆಲಸ ಕೆಡುವುದು ಅಲ್ಲೇ. ಮೊದಲು ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಜಾಗ ತುಂಬಿದೆ ಅಂತ ತೋರಿಸಿದರೆ ನಿಮ್ಮ ಫೈಲ್‌ಗಳು ಬಹುಶಃ ಅಲ್ಲೇ ಇವೆ. ಇದು ಒಂದು ವೈರಸ್ಸಿನ ಕೆಲಸ. ಅದು ಮಾಡುವುದು ಇಷ್ಟೇ: ಅಸಲಿ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ಅದನ್ನು ಒತ್ತಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ವಿಂಡೋಸ್‌ನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿದರೂ ಕೆಲವೊಮ್ಮೆ ಏನೂ ಕಾಣುವುದಿಲ್ಲ. ಆ ಫೋಲ್ಡರಿಗೆ ಸಿಸ್ಟಮ್ ಫೈಲ್ ಅನ್ನುವ ಗುರುತೂ ಬಿದ್ದಿರುತ್ತದೆ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ, ಸಿಸ್ಟಮ್ ಫೈಲ್‌ಗಳನ್ನು ಮರೆಮಾಡುವ ಟಿಕ್ಕನ್ನೂ ತೆಗೆಯಬೇಕು. ಆಮೇಲೆ ನಿಮಗೆ ಗುರುತಿರುವ ಫೈಲ್‌ಗಳನ್ನಷ್ಟೇ ಕಾಪಿ ಮಾಡಿಕೊಳ್ಳಿ. ಶಾರ್ಟ್‌ಕಟ್ ಮುಟ್ಟಬೇಡಿ. ಫಾರ್ಮ್ಯಾಟ್ ಏನಿದ್ದರೂ ಇದೆಲ್ಲ ಮುಗಿದ ಮೇಲೆ.

ಕೈತಪ್ಪಿ ಡಿಲೀಟ್ ಆದರೂ ಆಸೆ ಬಿಡಬೇಡಿ. ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಆ ಜಾಗ ಖಾಲಿ ಅಂತ ಗುರುತು ಬೀಳುತ್ತದೆ ಅಷ್ಟೇ, ಒಳಗಿನ ಮಾಹಿತಿ ತಕ್ಷಣ ಅಳಿಯುವುದಿಲ್ಲ. ಆದರೆ ಮೇಲೆ ಹೊಸದೇನಾದರೂ ಹಾಕಿದಿರೋ, ಹಳೆಯದು ಹೋಯಿತು. ಆದ್ದರಿಂದ ಡ್ರೈವ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ. ಡಿಲೀಟ್ ಆದದ್ದನ್ನು ಹುಡುಕಿ ತೆಗೆಯುವ ರೆಕುವಾ ತರದ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿ, ಸಿಕ್ಕಿದ್ದನ್ನೂ ಅಲ್ಲಿಗೇ ಇಳಿಸಿಕೊಳ್ಳಿ, ಅದೇ ಡ್ರೈವಿಗಲ್ಲ.

ಮದುವೆ ವಿಡಿಯೋ ತರುವವರ ಗೋಳು ಬೇರೆ. 32 ಜಿಬಿ ಡ್ರೈವ್, ಜಾಗವೂ ಇದೆ, ಫೈಲ್ ಮಾತ್ರ ಹೋಗುವುದಿಲ್ಲ. ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಒಳಗಿನದನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಎಕ್ಸ್‌ಫ್ಯಾಟ್ ಆರಿಸಿ ಫಾರ್ಮ್ಯಾಟ್ ಮಾಡಬೇಕು. ಹಳೇ ಟಿವಿಗಳಲ್ಲಿ ಕೆಲವು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ನನಗೆ ನಿಜಕ್ಕೂ ಬೇಜಾರಾಗುವುದು ಒಂದೇ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿಟ್ಟು ಊರೆಲ್ಲ ಓಡಾಡುವವರನ್ನು ಕಂಡಾಗ. ವರ್ಷವಿಡೀ ಕೂತು ಬರೆದ ಪ್ರಬಂಧ ಅದು! ಬಸ್ಸಿನಲ್ಲಿ ಬಿದ್ದುಹೋದರೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಅದರಲ್ಲೇ ತೆರೆದು ಟೈಪ್ ಮಾಡುತ್ತಾ, ಸೇವ್ ಆಗುವ ಮೊದಲೇ ಕಿತ್ತುಕೊಳ್ಳುವವರೂ ಇದ್ದಾರೆ. ಮೂಲ ಪ್ರತಿ ಮನೆಯ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಇಮೇಲಿನಲ್ಲೋ ಗೂಗಲ್ ಡ್ರೈವಿನಲ್ಲೋ ಇರಲಿ.

ಪ್ರಿಂಟಿಗೆ ಬರುವಾಗ ಬೇಕಾದ ಫೈಲ್ ಮಾತ್ರ ತನ್ನಿ. ನಮ್ಮಂಥ ಅಂಗಡಿಗಳ ಕಂಪ್ಯೂಟರಿಗೆ ದಿನವಿಡೀ ಯಾರ್ಯಾರದೋ ಡ್ರೈವ್ ಚುಚ್ಚುತ್ತಿರುತ್ತಾರೆ. ಮನೆಯ ಫೋಟೋ, ಆಧಾರ್ ಸ್ಕ್ಯಾನ್ ಅದರ ಜೊತೆ ಯಾಕೆ ಬರಬೇಕು, ಅಲ್ವಾ? 'ನುಡಿ', 'ಬರಹ' ತರದ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದರೆ ವರ್ಡ್ ಫೈಲ್ ಜೊತೆ ಪಿಡಿಎಫ್ ಕೂಡ ಇಟ್ಟುಕೊಳ್ಳಿ. ನಮ್ಮಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡದೆ ಪ್ರಿಂಟ್ ಬರುತ್ತದೆ.