ಹಿಂದೆ ಬಂದವರು ಹಿಡಿದುಕೊಟ್ಟ ಟಕ್ ಸದ್ದು

ಸಿಕ್ಕಿತು! ಸೈಕಲ್ ಪ್ರವಾಸದಲ್ಲಿ ಮೂರು ದಿನ ಕಾಡಿದ ಟಕ್ ಸದ್ದಿನ ಮೂಲ ಕೊನೆಗೂ ಸಿಕ್ಕಿತು. ಡಿರೇಲರ್ ಹ್ಯಾಂಗರ್ ಬಾಗಿತ್ತು. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು ಅದು.

ಪ್ಯಾಕಿಂಗ್, ಟೈರ್ ಆಯ್ಕೆ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಆರು ದಿನದ ಗುಂಪು ಪ್ರವಾಸ, ಹನ್ನೆರಡು ಜನ. ಮುಂದೆ ಗೈಡ್, ಕೊನೆಗೆ ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಸ್ವೀಪ್, ಅವರ ಹಿಂದೆ ವ್ಯಾನ್. ಹಳ್ಳಿಯಿಂದ ಹಳ್ಳಿಗೆ ದಿನಕ್ಕೆ ಸುಮಾರು 50 ಕಿ.ಮೀ. 38 ಮಿ.ಮೀ. ಟೈರ್ ಹಾಕಿದ್ದು ಒಳ್ಳೆಯದಾಯಿತು, ಜಲ್ಲಿ ಹಾದಿಯಲ್ಲೂ ಮೈಕೈ ನೋವಿಲ್ಲ.

ಮೊದಲ ದಿನ ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಎರಡನೇ ದಿನ ಬೆಳಿಗ್ಗೆ ಸೈಕಲ್ಲುಗಳನ್ನು ವ್ಯಾನಿನಲ್ಲಿ ಸಾಗಿಸಿ ಬೇರೆ ಕಡೆಯಿಂದ ಹೊರಟೆವು. ಮೊದಲ ಏರಿನಲ್ಲೇ ಟಕ್! ಚೈನು ಪಕ್ಕದ ಕಾಗಿಗೆ, ಅಂದರೆ ಪಕ್ಕದ ಹಲ್ಲುಚಕ್ರಕ್ಕೆ, ಹಾರಿ ವಾಪಸ್ ಬಂತು. ಸಣ್ಣ ಕಾಗ್‌ಗಳಲ್ಲಿ ಸದ್ದೇ ಇಲ್ಲ. ದೊಡ್ಡ ಕಾಗ್‌ಗಳಲ್ಲಿ ಮಾತ್ರ ಗಲಾಟೆ. ಗೇರ್ ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರ್ ಕಾಲು ಸುತ್ತು ತಿರುಗಿಸಿದೆ. ದೊಡ್ಡವು ಸುಮ್ಮನಾದವು, ಸಣ್ಣವು ಶುರು ಮಾಡಿದವು. ಮೂರನೇ ದಿನ ಒಳ ಕೇಬಲ್ಲನ್ನೇ ಬದಲಿಸಿದೆ. ಚೈನು ಅಳೆದೆ, ಸವೆತ ಶೇ. 0.5 ಕೂಡ ಮುಟ್ಟಿಲ್ಲ, ಅಂದರೆ ಚೈನು ಇನ್ನೂ ಚೆನ್ನಾಗಿದೆ. ಸಂಜೆ ಸ್ಟ್ಯಾಂಡಿನಲ್ಲಿ ಕೈಯಿಂದ ಪೆಡಲ್ ತಿರುಗಿಸಿದರೆ ಎಲ್ಲ ಸರಿ! ಬೆಳಿಗ್ಗೆ ಏರು ಬಂದ ಕೂಡಲೇ ಮತ್ತೆ ಟಕ್. ಅಷ್ಟರಲ್ಲಿ ಗುಂಪಿನವರು ನನ್ನ ಸೈಕಲ್ಲಿಗೆ ‘ಟಕ್ಕಯ್ಯ’ ಅಂತ ಹೆಸರಿಟ್ಟಾಗಿತ್ತು.

ಒಬ್ಬರೇ ಹೋಗುವಾಗ ಇದು ಬರೀ ಕಿರಿಕಿರಿ. ಗುಂಪಿನಲ್ಲಿ ಹಾಗಲ್ಲ. ಚೈನು ಹಾರಿ ನನ್ನ ಕಾಲು ಜಾರಿದರೆ ಹಿಂದಿನವರು ಬ್ರೇಕ್ ಹಿಡಿಯಬೇಕು, ಅವರ ಹಿಂದಿನವರೂ ಹಿಡಿಯಬೇಕು. ಅದಕ್ಕೇ ನಾಲ್ಕನೇ ದಿನ ನಾನೇ ಕೇಳಿಕೊಂಡು ಕೊನೆಗೆ ಹೋದೆ. ಈಗ ನನ್ನ ಹಿಂದೆ ಇದ್ದದ್ದು ಸ್ವೀಪ್ ಒಬ್ಬರೇ. ಅರ್ಧ ಏರು ಹತ್ತಿರಬೇಕು, ಅವರು ಕೂಗಿದರು: “ನಿಲ್ಲಿಸಿ! ನಿಮ್ಮ ಡಿರೇಲರ್ ಕೆಳಗೆ ಒಳಕ್ಕೆ ವಾಲಿದೆ.”

ನೋಡಿ, ತುಳಿಯುವಾಗ ನಮ್ಮ ಹಿಂದಿನ ಡಿರೇಲರ್ ನಮಗೆ ಕಾಣುವುದೇ ಇಲ್ಲ. ಸ್ಟ್ಯಾಂಡಿನಲ್ಲಿ ನಾವು ನೋಡುವುದು ಪಕ್ಕದಿಂದ. ಸ್ಪೋಕಿನ ಕಡೆಗೆ ಬಾಗಿದ್ದು ಪಕ್ಕದಿಂದ ಗೊತ್ತೇ ಆಗುವುದಿಲ್ಲ. ನೇರ ಹಿಂದಿನಿಂದ ನೋಡಿದವರಿಗೆ ಕಾಗ್ ಒಂದು ಗೆರೆ, ಡಿರೇಲರಿನ ಪುಲ್ಲಿ ಇನ್ನೊಂದು ಗೆರೆ. 9 ಸ್ಪೀಡಿನಲ್ಲಿ (ಹಿಂದೆ ಒಂಬತ್ತು ಕಾಗ್) ಕಾಗಿನಿಂದ ಕಾಗಿಗೆ 4.34 ಮಿ.ಮೀ. ಮಾತ್ರ. ಅಲ್ಲಿ ಒಂದು ಮಿ.ಮೀ. ಓರೆಯೂ ಜಾಸ್ತಿಯೇ.

ಅಲೈನ್‌ಮೆಂಟ್ ಗೇಜ್, ಅಂದರೆ ಹ್ಯಾಂಗರ್ ನೆಟ್ಟಗಿದೆಯಾ ಅಂತ ನೋಡುವ ಸಲಕರಣೆ, ವ್ಯಾನಿನಲ್ಲಿ ಇರಲಿಲ್ಲ. ಆದರೆ ಹೆಚ್ಚುವರಿ ಹಿಂದಿನ ಚಕ್ರ ಇತ್ತು. ಕ್ವಿಕ್ ರಿಲೀಸ್ (ಹಿಡಿಕೆ ಸಡಿಲಿಸಿ ಬಿಚ್ಚುವ) ಚಕ್ರದ ಆಕ್ಸಲ್ ತುದಿಯ ತಿರುಪಿನ ಮರೆ ಎಂ10 (10 ಮಿ.ಮೀ. ದಪ್ಪ), ಪಿಚ್ 1 ಮಿ.ಮೀ. ಹ್ಯಾಂಗರಿನ ತೂತಿನದೂ ಅದೇ! ಮರದ ನೆರಳಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಡಿರೇಲರ್ ಬಿಚ್ಚಿದೆವು. ಆ ಚಕ್ರದ ಕ್ಯಾಸೆಟ್ (ಕಾಗ್‌ಗಳ ಗೊಂಚಲು) ಇಲ್ಲದ ಬದಿಯನ್ನು ಹ್ಯಾಂಗರಿಗೆ ತಿರುಪಿದೆವು. ಈಗ ಎರಡು ಚಕ್ರ ಪಕ್ಕಪಕ್ಕ. ಹ್ಯಾಂಗರ್ ನೆಟ್ಟಗಿದ್ದರೆ ರಿಮ್‌ಗಳ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು. ಟೇಪ್ ಹಿಡಿದರೆ ನೆಲದ ಕಡೆಗಿಂತ ಮೇಲೆ 14 ಮಿ.ಮೀ. ಕಮ್ಮಿ. ಚಕ್ರವೇ ಸನ್ನೆಕೋಲು. ಸ್ವೀಪ್ ಫ್ರೇಮ್ ಹಿಡಿದರು, ನಾನು ರಿಮ್ಮನ್ನು ಮೆಲ್ಲಗೆ ಎಳೆದೆ. 14 ಇದ್ದದ್ದು 6 ಆಯಿತು, ಆಮೇಲೆ 2. ಅಲ್ಲಿಗೇ ನಿಲ್ಲಿಸಿದೆವು. ಅಲ್ಯೂಮಿನಿಯಂ ಹ್ಯಾಂಗರನ್ನು ಆ ಕಡೆ ಈ ಕಡೆ ಆಡಿಸಿದರೆ ಮುರಿದೇ ಹೋಗುತ್ತದೆ.

ಬಾಗಿದ್ದು ವ್ಯಾನಿನಲ್ಲೇ ಇರಬೇಕು. ಪಕ್ಕದ ಸೈಕಲ್ಲಿನ ಪೆಡಲ್ ನನ್ನ ಡಿರೇಲರಿಗೆ ಒರಗಿತ್ತು. ಇನ್ನು ಮುಂದೆ ಸೈಕಲ್ಲನ್ನು ವ್ಯಾನಿಗೆ ಏರಿಸುವ ಮೊದಲು ಚೈನನ್ನು ಅತಿ ದೊಡ್ಡ ಕಾಗಿಗೆ ಹಾಕಿಬಿಡುತ್ತೇನೆ, ಆಗ ಡಿರೇಲರ್ ಒಳಗೆ ಸೇರಿಕೊಂಡಿರುತ್ತದೆ. ನೀವೂ ಹಾಗೇ ಮಾಡಿ.

ಐದನೇ ದಿನದ ಏರಿನಲ್ಲಿ ಕೇಳಿದ್ದು ಜಲ್ಲಿಯ ಮೇಲೆ ಟೈರಿನ ಸದ್ದು ಮಾತ್ರ. ಮೇಲೆ ತಲುಪಿದಾಗ ಗುಂಪಿನವರೆಲ್ಲ ಚಪ್ಪಾಳೆ ತಟ್ಟಿದರು. ಟಕ್ಕಯ್ಯನಿಗೆ!

ಊರಿಗೆ ಬಂದು ಹೊಸ ಹ್ಯಾಂಗರ್ ತರಿಸಿದೆ. ಅಂಗಡಿಯ ಚಿತ್ರದಲ್ಲಿ ಒಂದು, ಡಬ್ಬದಲ್ಲಿ ಇನ್ನೊಂದು. ಬೋಲ್ಟಿನ ತೂತು 2 ಮಿ.ಮೀ. ಆಚೆ. ವರ್ನಿಯರ್ ಹಿಡಿದು ಅಳೆದು ಫೋಟೋ ತೆಗೆದು ಕಳಿಸಿದೆ. ಎರಡನೇ ಪಾರ್ಸೆಲ್‌ನಲ್ಲೂ ಅದೇ ಬಂತು! ಅಂಗಡಿಯವರು ಫೋಟೋ ನೋಡುತ್ತಾರಾ ಇಲ್ಲವಾ? ಸೈಕಲ್ ಭಾಗ ಮಾಡುವ ಸ್ರ್ಯಾಮ್‌ನವರು 2019ರಲ್ಲಿ ಎಲ್ಲ ಫ್ರೇಮಿಗೂ ಒಂದೇ ಹ್ಯಾಂಗರ್ ಇರಲಿ ಅಂತ ಯುಡಿಎಚ್ (ಯೂನಿವರ್ಸಲ್ ಡಿರೇಲರ್ ಹ್ಯಾಂಗರ್) ತಂದರು. ನಿಜವಾಗಿಯೂ ಒಳ್ಳೆಯ ಕೆಲಸ. ನನ್ನ ಹಳೇ ಫ್ರೇಮಿಗೆ ಅದು ಕೂರುವುದಿಲ್ಲ.

ಅಂದಹಾಗೆ, ಮುಂದಿನ ಕೆಲಸ ಡೈನಮೋ ಹಬ್, ಅಂದರೆ ಚಕ್ರ ತಿರುಗಿದಂತೆ ವಿದ್ಯುತ್ ಕೊಡುವ ಚಕ್ರದ ನಡುಭಾಗ. 6 ವೋಲ್ಟ್, 3 ವ್ಯಾಟ್. ರಾತ್ರಿ ತಂಗಿದಲ್ಲಿ ಒಂದೇ ಪ್ಲಗ್, ಅದಕ್ಕೆ ಹನ್ನೆರಡು ಫೋನು. ಅಲ್ಲೇ ತೀರ್ಮಾನ ಮಾಡಿದೆ. 36 ತೂತಿನ ಹಬ್, ಮೂರು ಕ್ರಾಸ್ (ಪ್ರತಿ ಸ್ಪೋಕ್ ಬೇರೆ ಮೂರನ್ನು ದಾಟುವ ಹೆಣಿಗೆ), ಚಕ್ರ ನಾನೇ ಕಟ್ಟುತ್ತೇನೆ. ಸ್ಪೋಕ್ ಉದ್ದ ಎರಡು ಸಲ ಲೆಕ್ಕ ಹಾಕಿ ಆರ್ಡರ್ ಮಾಡಿದ್ದೇನೆ. ರಿಮ್ ಬಂದಿದೆ, ಸ್ಪೋಕ್ ಇನ್ನೂ ಬಂದಿಲ್ಲ.