ಎರಡು ಹಳೇ ಕ್ಯಾಮೆರಾ, ಎರಡು ಹನಿ ಎಣ್ಣೆ

ಡಿಸೆಂಬರ್, ಮೊದಲ ವಾರ

ಮೇಜಿನ ಮೇಲೆ ಎರಡು ಕ್ಯಾಮೆರಾ ಕೂತಿವೆ. ಒಂದು ಕಾಕಾನ ಯಾಶಿಕಾ ಮ್ಯಾಟ್ 124ಜಿ. ಹಳೇ ಬಾಗಲಕೋಟೆಯ ಸ್ಟುಡಿಯೋದಲ್ಲಿ ಮದುವೆ, ಮುಂಜಿವೆ, ಪಾಸ್‌ಪೋರ್ಟ್ ಅಳತೆಯ ಮುಖ, ಎಲ್ಲ ಇದರಲ್ಲೇ ತೆಗೆದದ್ದು. ಆಲಮಟ್ಟಿ ಹಿನ್ನೀರು ಏರಿ ಮನೆ ನವನಗರಕ್ಕೆ ಬಂದ ಮೇಲೆ ಕಪಾಟು ಸೇರಿತು. ಇನ್ನೊಂದು, ಗೆಳೆಯನ ಪೆಂಟ್ಯಾಕ್ಸ್ ಕೆ1000. ಅವನ ದೂರು: "ಫೋಟೊ ಒಂದು ಕಡೆ ಕಪ್ಪು ಬರ್ತಾವ."

ಈ ವಾರ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ ಅಂತ ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಹೋದ ವರ್ಷ ಒಂದು ಕ್ಯಾಮೆರಾವನ್ನು ಮೊದಲು ಬಿಚ್ಚಿ, ಆಮೇಲೆ ದೋಷ ಹುಡುಕಿದ್ದೆ. ಅದರ ಒಂದು ಸ್ಪ್ರಿಂಗ್ ಇನ್ನೂ ಸಿಕ್ಕಿಲ್ಲ.

ಮೊದಲು ಯಾಶಿಕಾ. ಹಿಂಬಾಗಿಲು ತೆಗೆದು, ಕಿಟಕಿಯ ಕಡೆ ಹಿಡಿದು, ಒಂದೊಂದೇ ವೇಗದಲ್ಲಿ ಒತ್ತುತ್ತ ಹೋದೆ. ಇದರ ಷಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲು, ಲೆನ್ಸಿನ ಒಳಗೇ ಇದೆ, ತೆಳು ಬ್ಲೇಡುಗಳದ್ದು. ವೇಗ ಅಂದರೆ ಅದು ಎಷ್ಟು ಹೊತ್ತು ತೆರೆದಿರಬೇಕು ಅನ್ನುವ ಲೆಕ್ಕ. 1 ಸೆಕೆಂಡಿಗೆ ಇಟ್ಟು ಒತ್ತಿದರೆ ಬ್ಲೇಡು ತೆರೆದುಕೊಂಡು ಒಳಗಿನ ಗೇರುಗಳು "ಜರ್ರ್" ಅಂತ ಶುರುಮಾಡುತ್ತವೆ, ನಡುದಾರಿಯಲ್ಲಿ ದನಿ ಸೊರಗಿ ನಿಂತುಬಿಡುತ್ತದೆ. ಬ್ಲೇಡು ಬಾಯಿ ತೆರೆದೇ ಇರುತ್ತದೆ. 1/125 ಮತ್ತು ಅದರ ಮೇಲೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಬ್ಲೇಡನ್ನು ಹೆಚ್ಚು ಹೊತ್ತು ತೆರೆದಿಡುವುದು ಆ ಗೇರುಗಳ ಕೆಲಸ, ಜೋರು ವೇಗಗಳಿಗೆ ಅವು ಹೆಚ್ಚೇನೂ ಬೇಕಿಲ್ಲ. ಹಾಗಾಗಿ ಸಿಕ್ಕಿಕೊಂಡಿರುವುದು ಗೇರುಗಳ ಸಾಲಿನಲ್ಲಿ, ಒಣಗಿ ಅಂಟಾದ ಗ್ರೀಸಿನಲ್ಲಿ. ಬೆಳಗಿನ ಚಳಿಯಲ್ಲಿ ಹತ್ತಕ್ಕೆ ಏಳು ಸಲ ನಿಂತದ್ದು ಮಧ್ಯಾಹ್ನ ಬಿಸಿಲಿನ ಹೊತ್ತಿಗೆ ಎರಡೇ ಸಲ ನಿಂತಿತು. ಗ್ರೀಸೇ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚೌಕಟ್ಟಿನಂತೆ, ಅಳೆದೆ. 1/30ಕ್ಕೆ 8 ಚೌಕಟ್ಟು ತೆರೆದಿರಬೇಕು, ಇದು 13 ಇತ್ತು. 1/18ರ ಹತ್ತಿರ. 1/125ಕ್ಕೆ ಎರಡೇ ಚೌಕಟ್ಟು, ಅಲ್ಲಿಂದ ಮೇಲೆ ಫೋನನ್ನು ನಂಬಬಾರದು.

ಇನ್ನೊಂದು ಗಮನಿಸಿದೆ. ಒಂದು ದಿನ ಸುಮ್ಮನೆ ಬಿಟ್ಟು ಮರುದಿನ ಒತ್ತಿದರೆ, ಮೊದಲ ಸಲ 1/125ರಲ್ಲೂ ಬ್ಲೇಡು ಸೋಮಾರಿಯಾಗಿ ತೆರೆಯುತ್ತದೆ. ಎರಡನೇ ಸಲಕ್ಕೆ ಸರಿ. ಇದು ಗೇರಿನ ದೋಷವಲ್ಲ. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಬ್ಲೇಡಿನ ಮೇಲೆ ಕಾಮನಬಿಲ್ಲಿನ ಬಣ್ಣ. ಎಣ್ಣೆ. ಒಣಗಿರಬೇಕಾದ ಜಾಗದಲ್ಲಿ ಎಣ್ಣೆ ಎಲ್ಲಿಂದ ಬಂತು?

ಕಾಕಾ ಚಹಾದ ಕಪ್ಪು ಹಿಡಿದು ಬಂದು ನಿಂತರು. "ಇಷ್ಟ್ಯಾಕ ತಲಿ ಕೆಡಿಸಿಕೊಳ್ಳಾಕತ್ತಿ ತಮ್ಮಾ? ಎರಡ್ ಹನಿ ಎಣ್ಣಿ ಬಿಡು, ಹಗೂರ ಓಡತೈತಿ."

"ಬ್ಲೇಡಿಗೆ ಎಣ್ಣಿ ಹತ್ತಬಾರದು ಕಾಕಾ, ಒಂದಕ್ಕೊಂದು ಅಂಟಿಕೋತಾವ."

"ಹೌದೇನು," ಅಂದು ಸುಮ್ಮನೆ ಒಳಗೆ ಹೋದರು.

ಡಿಸೆಂಬರ್, ಮೂರನೇ ವಾರ

ಪೆಂಟ್ಯಾಕ್ಸ್. ಮೊದಲು ಕ್ಯಾಮೆರಾ ಅಲ್ಲ, ಗೆಳೆಯನನ್ನೇ ತಪಾಸಣೆ ಮಾಡಿದೆ: ಫ್ಲ್ಯಾಶ್ ಹಾಕಿದ್ಯಾ? ಈ ಕ್ಯಾಮೆರಾದಲ್ಲಿ ಫ್ಲ್ಯಾಶಿಗೆ 1/60 ಇಲ್ಲವೇ ಅದಕ್ಕಿಂತ ನಿಧಾನ ಇರಬೇಕು. ಅದಕ್ಕಿಂತ ಜೋರಿಗೆ ಇದರ ಷಟರಿನ ಎರಡು ಬಟ್ಟೆ ಪರದೆಗಳ ನಡುವೆ ಬರೀ ಒಂದು ಸೀಳು ಓಡುತ್ತದೆ, ಫ್ಲ್ಯಾಶಿನ ಬೆಳಕು ಆ ಸೀಳಿನಷ್ಟಕ್ಕೇ ಬೀಳುತ್ತದೆ. ಹಾಗೆ ಆದರೆ ಕಪ್ಪಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ನೇರ. ಅವನ ನೆಗೆಟಿವ್‌ಗಳಲ್ಲಿ ಹಾಗಿರಲಿಲ್ಲ. ಬಾದಾಮಿಯ ಬಿಸಿಲಿನಲ್ಲಿ 1/1000ರಲ್ಲಿ ತೆಗೆದ ಆಕಾಶ ಒಂದು ಬದಿಗೆ ಹೋಗುತ್ತ ಹೋಗುತ್ತ ಮಬ್ಬಾಗಿತ್ತು. 1/60ರ ಚಿತ್ರಗಳು ಚೊಕ್ಕ. ದೋಷ ನಿಜವಾಗಿಯೂ ಷಟರಿನದೇ.

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡಬ್ಬಿ ಟಿವಿ ಈಗ ಉಪಯೋಗಕ್ಕೆ ಬಂತು. ಗುಜರಿಗೆ ಹಾಕಬೇಡ ಅಂತ ಕಾಕು ಹಟ ಹಿಡಿದದ್ದು ಒಳ್ಳೇದೇ ಆಯಿತು. ಕೇಬಲ್ ಇಲ್ಲದೆ ಹಚ್ಚಿದರೆ ಚುಕ್ಕಿ ಮಳೆ. ಲೆನ್ಸ್ ಕಳಚಿ, ಹಿಂದಿನಿಂದ ಷಟರ್ ಮೂಲಕ ಟಿವಿಯನ್ನು ನೋಡುತ್ತ ಒತ್ತಬೇಕು. ಟಿವಿಯ ಗೆರೆಗಳು ಮೇಲಿಂದ ಕೆಳಗೆ ಬರೆದುಕೊಳ್ಳುತ್ತ ಬರುತ್ತವೆ, ಸೀಳು ಅಡ್ಡಕ್ಕೆ ಓಡುತ್ತದೆ. ಎರಡೂ ಕೂಡಿ ಕಣ್ಣಿಗೆ ಒಂದು ಓರೆ ಪಟ್ಟಿ ಕಾಣುತ್ತದೆ. ನಮ್ಮ ಟಿವಿಯಲ್ಲಿ ಒಂದು ಗೆರೆಗೆ 64 ಮೈಕ್ರೊಸೆಕೆಂಡ್, ಅಂದರೆ 1/1000ಕ್ಕೆ ಪಟ್ಟಿಯ ದಪ್ಪ ಸುಮಾರು 15-16 ಗೆರೆ. ದಪ್ಪ ಉದ್ದಕ್ಕೂ ಒಂದೇ ಇದ್ದರೆ ಎರಡೂ ಪರದೆ ಸಮನಾಗಿ ಓಡುತ್ತಿವೆ ಅಂತ. ಇದರದ್ದು ಬಾಲಕ್ಕೆ ಹೋಗುತ್ತ ಸಣ್ಣಗಾಗುವ ಗಜ್ಜರಿಯಂತಿತ್ತು.

ಎಷ್ಟು ಸಣ್ಣ? ಬೆಳಕು ಬಿದ್ದರೆ ಕರೆಂಟು ಹರಿಯಬಿಡುವ ಒಂದು ಫೋಟೊಟ್ರಾನ್ಸಿಸ್ಟರನ್ನು ಹಳೇ ಇಯರ್‌ಫೋನ್ ವೈರಿಗೆ ಬೆಸುಗೆ ಹಾಕಿ ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ಕೊಟ್ಟೆ. ಆಡಾಸಿಟಿ ಅನ್ನುವ ದನಿ ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ ದನಿಯಂತೆ ರೆಕಾರ್ಡ್ ಮಾಡಿದರೆ, ಬೆಳಕು ಬಿದ್ದಾಗ ಮೇಲಕ್ಕೊಂದು ಮುಳ್ಳು, ಹೋದಾಗ ಕೆಳಕ್ಕೊಂದು. ನಡುವಿನ ದೂರವೇ ಸಮಯ. ಬೆಳಕಿಗೆ ಸೆಲ್ ಟಾರ್ಚನ್ನೇ ಬಳಸಬೇಕು. ಮನೆಯ ಬಲ್ಬು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತ ಲೆಕ್ಕ ಕೆಡಿಸುತ್ತದೆ. ಅರ್ಧ ದಿನ ಅದರಲ್ಲೇ ಹೋಯಿತು. 1/1000ಕ್ಕೆ ಇಟ್ಟು ಮೂರು ಕಡೆ ಅಳೆದದ್ದು: ಶುರುವಿನಲ್ಲಿ 1.4 ಮಿಲಿಸೆಕೆಂಡ್, ನಡುವೆ 1.0, ಕೊನೆಗೆ 0.5. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೂವರೆ ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ). ನಡುವೆ ಮಾತ್ರ ಅಳೆದಿದ್ದರೆ "ಏನೂ ಆಗಿಲ್ಲ" ಅಂತ ವಾಪಸು ಕೊಡುತ್ತಿದ್ದೆ!

ಮೊದಲ ಪರದೆ ಹಿಂದೆ ಬೀಳುತ್ತಿದೆ, ಎರಡನೆಯದು ಅದನ್ನು ಹಿಡಿಯಲು ಓಡಿಬರುತ್ತಿದೆ. ಹಿಡಿದುಬಿಟ್ಟರೆ ಅಲ್ಲಿಂದ ಮುಂದೆ ಪೂರ್ತಿ ಕಪ್ಪು.

ಜನವರಿ

ಇಲ್ಲಿ ಎಲ್ಲರಿಗೂ ಬರುವ ಆಸೆ ಅಂದರೆ ಪರದೆ ಎಳೆಯುವ ಸ್ಪ್ರಿಂಗ್ ಬಿಗಿ ಮಾಡುವುದು. ಮಾಡಲಿಲ್ಲ. ಪರದೆ ಸುತ್ತಿಕೊಳ್ಳುವ ಉರುಳೆಗೆ ಕೊಳೆ ಹಿಡಿದಿರುವಾಗ ಬಿಗಿದು ಓಡಿಸಿದರೆ ಇವತ್ತು ಓಡೀತು, ಕೊಳೆ ಇನ್ನಷ್ಟು ಗಟ್ಟಿಯಾದಾಗ ಮತ್ತೆ ಬಿಗಿಯಬೇಕು. ತಳದ ತಗಡು ತೆಗೆದು, ಗಡಿಯಾರ ರಿಪೇರಿಯವರು ಬಳಸುವ ವೈಟ್ ಪೆಟ್ರೋಲನ್ನು ಸೂಜಿಯ ತುದಿಯಿಂದ ಉರುಳೆಗಳ ಅಚ್ಚಿಗಷ್ಟೇ ಮುಟ್ಟಿಸಿದೆ. ಬಟ್ಟೆಯ ರಬ್ಬರಿಗೆ ತಾಗದಂತೆ. ಕಿಟಕಿ ತೆರೆದು, ದೇವರ ದೀಪ ಶಾಂತವಾದ ಮೇಲೆ. ಐವತ್ತು ಸಲ ಒತ್ತಿ ಮತ್ತೆ ಅಳೆದಾಗ 1.2, 1.1, 0.9. ಸಾಕು.

ಯಾಶಿಕಾಕ್ಕೆ ಎರಡು ಭಾನುವಾರ ಬೇಕಾದವು. ಮುಂದಿನ ಗಾಜು ಬಿಚ್ಚಿ ಬ್ಲೇಡು ಒರೆಸಿದರೆ ಇಯರ್‌ಬಡ್ ಹಳದಿ. ಒಣಗಿಸಿ, ಮರುದಿನ ನೋಡಿದರೆ ಮತ್ತೆ ಜಿಡ್ಡು. ಸಂದಿಯಲ್ಲಿದ್ದದ್ದು ಇಳಿದು ಬಂದಿತ್ತು. ನಾಲ್ಕು ಸಲ ಒರೆಸಿದೆ. ಗೇರುಗಳ ಸಾಲು ತೊಳೆದ ಮೇಲೆ ಆ "ಜರ್ರ್" ಕೊನೆತನಕ ಒಂದೇ ದನಿಯಲ್ಲಿ ಬಂತು. 1 ಸೆಕೆಂಡ್ ಈಗ 1.1. 1/500 ಮಾತ್ರ 1/350ರ ಆಚೆ ಹೋಗುತ್ತಿಲ್ಲ. ಅರ್ಧ ಸ್ಟಾಪ್, ಕಪ್ಪು-ಬಿಳುಪು ಫಿಲ್ಮ್ ಅದನ್ನು ಸಹಿಸುತ್ತದೆ. ಬಿಟ್ಟೆ.

ಪೆಂಟ್ಯಾಕ್ಸಿಗೆ 400 ಐಎಸ್‌ಒ ಫಿಲ್ಮ್ ಹಾಕಿ ಹಿನ್ನೀರಿನ ಮೇಲಿನ ಬರಿ ಆಕಾಶ ತೆಗೆದೆ: 1/1000 ಎಫ್11, 1/500 ಎಫ್16, 1/250 ಎಫ್22. ಪ್ರತಿ ಸಲ ಸಮಯ ಇಮ್ಮಡಿ, ಲೆನ್ಸಿನ ಕಿಂಡಿ (ಎಫ್) ಬಿಡುವ ಬೆಳಕು ಅರ್ಧ, ಹಾಗಾಗಿ ಫಿಲ್ಮಿಗೆ ಬೀಳಬೇಕಾದ ಬೆಳಕು ಒಂದೇ. ತೊಳೆದ ನೆಗೆಟಿವ್‌ನಲ್ಲಿ ಮೂರೂ ಒಂದೇ ಬೂದು ಬಣ್ಣ. ಇಷ್ಟು ಬೇಸರದ ಚಿತ್ರ ನೋಡಿ ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಯಾಶಿಕಾ ಕಾಕಾನ ಕೈಗೆ ಕೊಟ್ಟಾಗ 1 ಸೆಕೆಂಡಿಗೆ ಇಟ್ಟು, ಕಿವಿಯ ಹತ್ತಿರ ಹಿಡಿದು, ಮೂರು ಸಲ ಒತ್ತಿದರು. ಆಮೇಲೆ ನೆಲ ನೋಡುತ್ತ, "ಒಮ್ಮೆ ಸೀಜನ್‌ದಾಗ ಸಿಕ್ಕೊಂಡಿತ್ತು. ನಿಮ್ಮ ಕಾಕು ಹೊಲಿಗಿ ಮಷಿನ್ ಎಣ್ಣಿ ಅಲ್ಲೇ ಇತ್ತು," ಅಂದರು.

"ಎಷ್ಟು ಹನಿ ಕಾಕಾ?"

"ಎರಡ ಅಂದ್ಕೊಂಡಿದ್ದೆ. ಬಾಟ್ಲಿ ಬಾಯಿ ದೊಡ್ಡದಿತ್ತು."