ಅಂಬಾಸಿಡರಿಗೆ ಮನೆಯಲ್ಲೇ ಕೀಲೆಣ್ಣೆ

ನಮ್ಮ ತಂದೆಯವರು 1984ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 4 ಇಂದಿಗೂ ಬಸವನಗುಡಿಯ ನಮ್ಮ ಮನೆಯ ಪೋರ್ಟಿಕೋದಲ್ಲಿದೆ. ವಾರಕ್ಕೊಮ್ಮೆ ಹೊರಗೆ ಹೋಗಿ ಬರುವ ಈ ಗಾಡಿಯ ಸ್ಟೀರಿಂಗ್, ಮೂರು ವರ್ಷಗಳ ಹಿಂದೆ ಮಳೆಗಾಲ ಮುಗಿಯುವ ಹೊತ್ತಿಗೆ ಬಿಗಿಯಾಗಿ, ತಿರುವು ದಾಟಿದ ಮೇಲೆ ತಾನಾಗಿ ನೇರಕ್ಕೆ ಮರಳುವುದನ್ನೇ ಬಿಟ್ಟಿತು. ಅದಕ್ಕೆ ಎರಡು ವಾರ ಮುಂಚೆಯಷ್ಟೇ ವಾಟರ್ ಸರ್ವಿಸ್ ಮಾಡುವ ಒಂದು ಕಡೆ ಗಾಡಿ ತೊಳೆಸಿ, ಗ್ರೀಸ್ ಹೊಡೆಸಿ, ಕೇಳಿದಷ್ಟು ಹಣ ಕೊಟ್ಟು ಬಂದಿದ್ದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಎಡ ಚಕ್ರದ ಕೆಳಗಿನ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ಒಳತಳ್ಳುವ ಪುಟ್ಟ ಲೋಹದ ಬಾಯಿ, ಒಣಗಿ ಕಲ್ಲಾದ ಕೆಸರಿನಲ್ಲಿ ಹೂತುಹೋಗಿತ್ತು. ಅದರ ತಲೆಗೆ ಗ್ರೀಸ್ ಪಂಪ್ ಮಾಡುವ ಗನ್ ತಾಗಿದ ಗುರುತೂ ಇರಲಿಲ್ಲ. ಅಂದಿನಿಂದ ಈ ಕೆಲಸವನ್ನು ನಾನೇ ಮಾಡುತ್ತಿದ್ದೇನೆ.

ಈಗಿನ ಕಾರುಗಳನ್ನು ಮಾತ್ರ ಓಡಿಸಿದವರಿಗೆ ಇದೆಲ್ಲ ಹೊಸದೆನಿಸಬಹುದು. ಅವುಗಳ ಚಕ್ರಗಳನ್ನು ತಿರುಗಗೊಡುವ ಗುಂಡಿನ ಕೀಲುಗಳಾದ ಬಾಲ್ ಜಾಯಿಂಟ್‌ಗಳಲ್ಲಿ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ, ರಬ್ಬರ್ ಬೂಟ್ ಹಾಕಿ ಮುಚ್ಚಿರುತ್ತಾರೆ, ಸವೆದರೆ ಬದಲಾಯಿಸುವುದಷ್ಟೇ. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದರ ಮುಂಭಾಗದಲ್ಲಿ ಸ್ಪ್ರಿಂಗಿನ ಕೆಲಸವನ್ನು ತಿರುಚಿಕೊಳ್ಳುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್, ಮಾಡುತ್ತದೆ. ಚಕ್ರವನ್ನು ಹೊತ್ತಿರುವ ಸ್ವಿವೆಲ್ ಪಿನ್ನಿನ ಎರಡೂ ತುದಿಗಳು ಥ್ರೆಡ್ ಇರುವ ಲೋಹದ ಗೂಡುಗಳಾದ ಟ್ರನಿಯನ್‌ಗಳೊಳಗೆ ಕೂತಿರುತ್ತವೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಲೋಹದ ಮೇಲೆ ಲೋಹ ತಿರುಗುವ ಜಾಗವದು, ನಡುವೆ ಇರುವುದು ಗ್ರೀಸಿನ ತೆಳುಪದರ ಮಾತ್ರ. ನನ್ನ ಗಾಡಿಯಲ್ಲಿ ಒಂದೊಂದು ಬದಿಗೆ ಸ್ವಿವೆಲ್ ಪಿನ್ನಿನ ಮೇಲೆ ಒಂದು, ಕೆಳಗೆ ಒಂದು, ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡಿಗೆ ಒಂದರಂತೆ ಒಟ್ಟು ಆರು ನಿಪ್ಪಲ್‌ಗಳಿದ್ದವು. ಬಲಗಡೆಯ ಟೈ ರಾಡ್ ಎಂಡನ್ನು ಬದಲಾಯಿಸಿದಾಗ ನಿಪ್ಪಲ್ ಇಲ್ಲದ್ದೇ ಸಿಕ್ಕಿದ್ದರಿಂದ ಈಗ ಐದು.

ಗ್ರೀಸ್ ಹೊಡೆಯುವುದಕ್ಕಿಂತ ಮುಂಚಿನ ಕೆಲಸವೇ ಹೆಚ್ಚು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಬಾಡಿಯ ಗಟ್ಟಿ ಭಾಗದ ಕೆಳಗೆ ಸ್ಟ್ಯಾಂಡ್‌ಗಳನ್ನಿಟ್ಟು, ಗಾಡಿಯನ್ನು ಒಮ್ಮೆ ಜೋರಾಗಿ ಅಲುಗಾಡಿಸಿ ನೋಡದೆ ನಾನು ಕೈಯನ್ನೂ ಒಳಗೆ ಹಾಕುವುದಿಲ್ಲ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ಹೋಗಬಾರದು. ಚಕ್ರಗಳನ್ನು ಎತ್ತುವುದು ಕೈಗೆಟುಕಲಿ ಎಂಬ ಅನುಕೂಲಕ್ಕಲ್ಲ. ಚಕ್ರ ನೆಲದ ಮೇಲಿದ್ದಾಗ ಗಾಡಿಯ ಭಾರ ಥ್ರೆಡ್ಡಿನ ಒಂದು ಮುಖವನ್ನು ಒತ್ತಿ ಹಿಡಿದಿರುತ್ತದೆ. ಆಗ ಪಂಪ್ ಮಾಡಿದ ಗ್ರೀಸ್ ಭಾರವಿಲ್ಲದ ಮಗ್ಗುಲಲ್ಲಿ ನುಸುಳಿ ಹೊರಬಂದುಬಿಡುತ್ತದೆ, ಸವೆಯುವ ಮುಖ ಒಣಗಿಯೇ ಉಳಿಯುತ್ತದೆ. ಹೊರಗೆ ಗ್ರೀಸ್ ಕಂಡಿತಲ್ಲ ಎಂದು ನಾವು ಸಮಾಧಾನಪಟ್ಟುಕೊಂಡಿರುತ್ತೇವೆ. ಚಕ್ರ ನೆಲಬಿಟ್ಟು ತೂಗಾಡಿದಾಗ ಮಾತ್ರ ಆ ಮುಖ ಸಡಿಲವಾಗುತ್ತದೆ.

ನಮ್ಮ ಅಜ್ಜನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗ ಅವರು ಗಾಡಿಯನ್ನು ಗೂಟಕ್ಕೆ ಆನಿಸಿ, ಕಡಾಣಿ ಕಿತ್ತು, ಚಕ್ರವನ್ನು ಗೇಣುದ್ದ ಹೊರಗೆಳೆದು ಅಚ್ಚಿಗೆ ಬಳಿಯುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಆ ಕಪ್ಪು ಎಣ್ಣೆಯ ಬಿದಿರಿನ ಗೊಟ್ಟ ಗಾಡಿಯ ಕೆಳಗೇ ನೇತಾಡುತ್ತಿತ್ತು. ಎಣ್ಣೆ ಹರಿದುಹೋಗದಂತೆ ಹಿಡಿದಿಡಲು ಅವರು ಬೂದಿ ಬೆರೆಸಿದರೆ, ಇಂದಿನ ಗ್ರೀಸಿನಲ್ಲಿ ಆ ಕೆಲಸವನ್ನು ಲಿಥಿಯಂ ಅಥವಾ ಕ್ಯಾಲ್ಸಿಯಂ ಸೋಪು ಮಾಡುತ್ತದೆ.

ನಾನು ಬಳಸುವುದು ಲಿಥಿಯಂ ಸೋಪಿನ, ಎನ್‌ಎಲ್‌ಜಿಐ ಎಂಬ ಸಂಸ್ಥೆ ಗೊತ್ತುಮಾಡಿದ 2ನೇ ದರ್ಜೆಯ ಗ್ರೀಸ್. ಈ ಅಂಕಿ ಗ್ರೀಸಿನ ಗಟ್ಟಿತನವನ್ನಷ್ಟೇ ಹೇಳುತ್ತದೆ, ಗುಣಮಟ್ಟವನ್ನಲ್ಲ. 3ನೇ ದರ್ಜೆಯದು ಇನ್ನಷ್ಟು ಗಟ್ಟಿ. ನಿಪ್ಪಲ್ ಕಂಡಲ್ಲೆಲ್ಲ ಗ್ರೀಸೇ ಎಂದೂ ತಿಳಿಯಬಾರದು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್ ಕಾರಿನ ಮುಂದಿನ ಟ್ರನಿಯನ್‌ಗೆ ಬೇಕಾದದ್ದು 90ರ ಗೇರ್ ಆಯಿಲ್. ಅಲ್ಲಿ ಗ್ರೀಸ್ ತುಂಬಿ, ಪಿನ್ ಸವೆಸಿ, ಕೊನೆಗೆ ಚಕ್ರವೇ ಮಡಚಿಕೊಳ್ಳುವಂತೆ ಮಾಡಿಕೊಂಡವರಿದ್ದಾರೆ.

ನಿಪ್ಪಲ್‌ಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ತಲೆಯ ಮೇಲಿನ ಮರಳನ್ನು ನಾವೇ ಗನ್ನಿನಿಂದ ಒಳಗೆ ತಳ್ಳಿದಂತಾಗುತ್ತದೆ. ಗನ್ನಿಗೆ ಹೊಸದಾಗಿ ಗ್ರೀಸ್ ತುಂಬಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಹಿಡಿಕೆ ಸುಮ್ಮನೆ ಆಡುತ್ತದೆ. ತಲೆಯನ್ನು ಅರ್ಧ ಸುತ್ತು ಸಡಿಲಿಸಿ ಗಾಳಿ ಬಿಟ್ಟರೆ ಸರಿಹೋಗುತ್ತದೆ. ಟೈರಿನೊಳಗಿನ ಒತ್ತಡ 30 ಪಿಎಸ್‌ಐ ಆಸುಪಾಸಿನದಾದರೆ ಕೈಗನ್ನಿನದು ಹಲವು ಸಾವಿರ ಪಿಎಸ್‌ಐ ಮುಟ್ಟುವುದರಿಂದ, ಅದರ ಬಾಯಿಗೆ ಬೆರಳಿಟ್ಟು ಪರೀಕ್ಷಿಸುವುದು ಬೇಡ. ಗ್ರೀಸ್ ಚರ್ಮ ಸೀಳಿ ಒಳಹೋದರೆ ಆಸ್ಪತ್ರೆಯೇ ಗತಿ.

ಪಂಪ್ ಮಾಡುವಾಗ ನನ್ನ ಹೆಂಡತಿ ಒಳಗೆ ಕೂತು ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಾಳೆ. ಆಗ ಗ್ರೀಸ್ ಥ್ರೆಡ್ಡಿನ ಸುತ್ತಲೂ ಹರಡುತ್ತದೆ. ನಾನೇ ಮೊದಲ ಸಲ ಗ್ರೀಸ್ ಹೊಡೆದ ಅಂದು ಮೊದಲು ಹೊರಬಂದದ್ದು ಮಸಿಯಂಥ ಕಪ್ಪು. ಅದರ ಹಿಂದೆಯೇ ನೀರು ಬೆರೆತು ಮಜ್ಜಿಗೆಯಂತೆ ಬಿಳಿಚಿದ್ದು. ನಮ್ಮ ಬೀದಿಗಳಲ್ಲಿ ಮಳೆನೀರು ಚಕ್ರದ ನಡುವಿನ ಹಬ್ಬಿನ ತನಕ ನಿಲ್ಲುವುದರ ಫಲವದು. ಹೊಸ ಗ್ರೀಸಿನ ಬಣ್ಣವೇ ಹೊರಗೆ ಕಾಣುವವರೆಗೆ ನಿಲ್ಲಿಸಲಿಲ್ಲ. ಟೈ ರಾಡ್ ಎಂಡಿನಲ್ಲಿ ಇಂಥ ಧಾರಾಳತನ ಸಲ್ಲದು. ರಬ್ಬರ್ ಬೂಟ್ ಸ್ವಲ್ಪ ಉಬ್ಬಿದೊಡನೆ ಕೈ ತಡೆಯಬೇಕು. ಬೂಟ್ ಹರಿದರೆ ಮುಂದಿನ ಮಳೆಗೆ ಬಾಗಿಲು ತೆರೆದಂತೆ. ಹೊರಗೆ ಉಳಿದ ಗ್ರೀಸನ್ನು ಪೂರ್ತಿ ಒರೆಸದಿದ್ದರೆ ಅದು ಮೆಟ್ರೋ ಕಾಮಗಾರಿಯ ಧೂಳನ್ನು ಹಿಡಿದು ಉಜ್ಜುಕಾಗದದ ಪುಡಿಯಂತಾಗುತ್ತದೆ.

ಕೆಸರಿನಲ್ಲಿ ಹೂತಿದ್ದ ನಿಪ್ಪಲ್ ಮಾತ್ರ ಎಷ್ಟು ಒತ್ತಿದರೂ ಗ್ರೀಸ್ ಕುಡಿಯಲಿಲ್ಲ. ಸ್ಪ್ಯಾನರ್ ಹಾಕಿ ಬಿಚ್ಚಿದಾಗ ಅದರ ತಲೆಯಲ್ಲಿನ ಪುಟ್ಟ ಗುಂಡು ತುಕ್ಕು ಹಿಡಿದು ಕೂತಿತ್ತು. ಅದನ್ನೇ ಜೇಬಿಗೆ ಹಾಕಿಕೊಂಡು ಜೆ.ಸಿ. ರೋಡಿಗೆ ಹೋಗಿ, ಥ್ರೆಡ್ ಹೊಂದಿಸಿ ನೋಡಿ ಹೊಸದನ್ನು ತಂದೆ. ಹಳೆಯದನ್ನು ಕೈಯಲ್ಲಿ ಹಿಡಿಯದೆ ಹೋದರೆ ಅಂಗಡಿಯವರು ಇಂಚಿನ ಅಳತೆಯದರ ಬದಲು ಮಿಲಿಮೀಟರ್ ಅಳತೆಯದನ್ನು ಕೊಟ್ಟು ಕಳಿಸುವ ಸಂಭವವೇ ಹೆಚ್ಚು.

ಸ್ಟೀರಿಂಗ್ ಅಂದೇ ಹಗುರವಾಯಿತು. ಆದರೆ ಇಳಿಸುವ ಮುಂಚೆ ಎಡ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಕಟಕಟ ಎಂದಿತು. ಬೇರಿಂಗಿನದಿರಬಹುದೇ ಎಂದು ಹೆಂಡತಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದೆ, ಸದ್ದು ಹೋಗಲಿಲ್ಲ. ಹಾಗಾದರೆ ಸಡಿಲವಿರುವುದು ಬೇರಿಂಗಿನಲ್ಲಲ್ಲ, ಸ್ವಿವೆಲ್ ಪಿನ್ನಿನಲ್ಲಿ. ಸವೆದದ್ದನ್ನು ಗ್ರೀಸ್ ತುಂಬಿಕೊಡುವುದಿಲ್ಲ. ಆ ಬದಿಯ ಸ್ವಿವೆಲ್ ಪಿನ್ನನ್ನೂ ಟ್ರನಿಯನ್ನನ್ನೂ ಮುಂದಿನ ತಿಂಗಳು ಮೆಕ್ಯಾನಿಕ್ ಕೈಯಲ್ಲಿ ಬದಲಾಯಿಸಿದೆ. ಈಗ ಪ್ರತಿ 1,500 ಕಿಲೋಮೀಟರಿಗೊಮ್ಮೆ, ಗಾಡಿ ಅಷ್ಟು ಓಡದಿದ್ದರೂ ಆಯುಧಪೂಜೆಗೆ ಮುಂಚಿನ ಭಾನುವಾರ, ತಪ್ಪದೆ ಗ್ರೀಸ್ ಹೊಡೆದು ಗ್ಲೋವ್ ಬಾಕ್ಸಿನ ಪುಸ್ತಕದಲ್ಲಿ ತಾರೀಖು ಬರೆದಿಡುತ್ತೇನೆ.